ರೇಡಿಯೋದಲ್ಲಿ ಬಿಟ್ಟ ಮಾತು

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ನಾಲ್ಕು ಜನ ಕನ್ನಡದವರು ಊಟಕ್ಕೆ ಸೇರಿದರೆ ಈ ಕಥೆ ಬಾರದೆ ಇರುವುದಿಲ್ಲ. ಪಾಯಸ ಮುಗಿಯುವ ಹೊತ್ತಿಗೆ ಯಾರಾದರೊಬ್ಬರು, "ಸಾರ್, ಆ ‘ಬಿಡ್ರಿ’ ಕಥೆ ಹೇಳಿ" ಎಂದು ನನ್ನ ಚಿಕ್ಕಪ್ಪನನ್ನು ಕೆಣಕುತ್ತಾರೆ. ಚಿಕ್ಕಪ್ಪ ಕೈ ತೊಳೆದು ಬಂದು, ಕುರ್ಚಿ ಹಿಂದಕ್ಕೆಳೆದುಕೊಂಡು, ಸ್ಟೀರಿಂಗ್ ಹಿಡಿದವರ ಹಾಗೆ ಎರಡೂ ಕೈ ಚಾಚಿ ಶುರು ಮಾಡುತ್ತಾರೆ.

ಕಥೆ ಇಷ್ಟು. ಗಂಡ ಮೈಸೂರಿನವನು, ಹೆಂಡತಿ ಧಾರವಾಡದವಳು. ಗಂಡ ರೇಸ್ ಕಾರಿನೊಳಗೆ, ಹೆಂಡತಿ ಟ್ರ್ಯಾಕಿನ ಪಕ್ಕದ ಪಿಟ್ಟಿನಲ್ಲಿ ವಾಕಿಟಾಕಿ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಇನ್ನೊಂದು ಕಾರು ನುಗ್ಗಿ ಬರುತ್ತಿದೆ. ಹೆಂಡತಿ "ಬಿಡ್ರಿ, ಬಿಡ್ರಿ" ಎಂದು ಕೂಗುತ್ತಾಳೆ. ಅವನಿಗೆ ದಾರಿ ಬಿಡಿ ಅಂತ. ಗಂಡ ಅದನ್ನು ಗಾಡಿ ಬಿಡಿ ಅಂತ ಕೇಳಿಸಿಕೊಂಡು ಆಕ್ಸಿಲರೇಟರನ್ನು ನೆಲಕ್ಕೆ ತುಳಿಯುತ್ತಾನೆ. ಢಂ! ಇಲ್ಲಿ ಚಿಕ್ಕಪ್ಪ ಮೇಜಿನ ಮೇಲೆ ಕೈ ಬಡಿಯುತ್ತಾರೆ. ತಟ್ಟೆ ಲೋಟ ಕುಣಿಯುತ್ತವೆ, ಹೆಂಗಸರು ಬೆಚ್ಚಿ ಆಮೇಲೆ ನಗುತ್ತಾರೆ. "ಆ ಕಡೆ ಹೆಣ್ಣು ತಂದ್ರೆ ಡಿಕ್ಷನರಿನೂ ತರಬೇಕು ಸಾರ್" ಎಂದು ಯಾರೋ ಸೇರಿಸುತ್ತಾರೆ. ಚಿಕ್ಕಮ್ಮ ಆ ಹೊತ್ತಿಗೆ ಯಾವಾಗಲೂ ಅಡುಗೆಮನೆಯಲ್ಲಿರುತ್ತಾರೆ.

ಆ ‘ಢಂ’ ಎನ್ನುವುದರೊಳಗೆ ಒಬ್ಬ ಮನುಷ್ಯನ ಬಲ ತೊಡೆ ಇತ್ತು. ಕಾರಿನ ಬಾಗಿಲಿನ ತಗಡೂ ಒಳಗಿನ ಕಬ್ಬಿಣದ ಕಂಬಿಯೂ ಸೇರಿ ಅದನ್ನು ಸೀಟಿಗೆ ಅಮುಕಿ ಹಿಡಿದಿದ್ದವು. ಅವರನ್ನು ಹೊರಗೆ ತೆಗೆಯಲು ಬಾಗಿಲು ಕತ್ತರಿಸಬೇಕಾಯಿತು. ಅವರು ಈಗ ಕೋಲು ಹಿಡಿದು ನಡೆಯುತ್ತಾರೆ. ಅವರಿಗೆ ಬೇಕಾಗಿರುವುದು ಒಂದೇ ಉತ್ತರ: ಅದು ಆದದ್ದೋ, ಮಾಡಿದ್ದೋ? ನಮ್ಮ ಜನ ಅದಕ್ಕೆ ಉತ್ತರವಾಗಿ ಈ ಜೋಕು ಕೊಟ್ಟಿದ್ದಾರೆ.

ನಾನು ಶಾಲೆಯ ದಿನಗಳಿಂದ ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಇಲ್ಲಿನ ಕಾಲೇಜಿಗೂ ಆ ಚಾಳಿಯನ್ನು ಹೊತ್ತು ತಂದಿದ್ದೇನೆ. ಚಿಕ್ಕಪ್ಪ ನನ್ನನ್ನು ‘ವಕೀಲಮ್ಮ’ ಎನ್ನುತ್ತಾರೆ, ಮೆಚ್ಚುಗೆಯಿಂದಲ್ಲ. ಅವರ ಮನೆಯಲ್ಲೇ ಇದ್ದು ಓದುತ್ತಿರುವ ನಾನು ಈ ಕಥೆಗೆ ಎತ್ತುವ ಆಕ್ಷೇಪಣೆ ‘ಬಿಡು’ ಪದದ ಅರ್ಥದ ಬಗ್ಗೆ ಅಲ್ಲ. ಅರ್ಥ ಎರಡಿದೆ, ಒಪ್ಪಿದೆ. ದಾರಿ ಬಿಡುವುದೂ ಬಿಡುವುದೇ, ಗಾಡಿ ಬಿಡುವುದೂ ಬಿಡುವುದೇ. ಆದರೆ ಆ ದಿನ ಆ ಪದ ನಮ್ಮ ರೇಡಿಯೋದಲ್ಲಿ ಬರಲೇಬಾರದಿತ್ತು. ಅದನ್ನು ನಾವು ತೆಗೆದುಹಾಕಿದ್ದೆವು. ತೆಗೆದುಹಾಕಿದ ಮೇಜಿನ ಮುಂದೆ ನಾನೂ ಕೂತಿದ್ದೆ.

ಮೊದಲಿನಿಂದ ಹೇಳುತ್ತೇನೆ.

ಚಿಕ್ಕಪ್ಪ ಸೈಬರ್‌ಜಯಾದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಲಿಫ್ಟಿನಲ್ಲಿ ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು, ಕೊನೆಗೆ ತಾವೇ ಇಳಿಯದೆ ಬೇರೆ ಮಹಡಿಗೆ ಹೋಗಿಬಿಡುವವರು. ಅವರ ಒಂದೇ ಹುಚ್ಚೆಂದರೆ ಆಸ್ಟ್ರೇಲಿಯಾದ ಟೂರಿಂಗ್ ಕಾರ್ ರೇಸು. ಅಲ್ಲಿನ ಮಧ್ಯಾಹ್ನದ ರೇಸು ನಮಗೆ ಭಾನುವಾರ ತಿಂಡಿಯ ಹೊತ್ತಿಗೆ ಸಿಗುತ್ತದೆ. ದೋಸೆ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಅವರು ಟಿವಿಯ ಮುಂದೆ ಕೂತರೆಂದರೆ ಚಟ್ನಿ ಒಣಗಿಹೋಗುತ್ತಿತ್ತು.

"ಫಾರ್ಮುಲಾ ಕಾರು ಗಾಜಿನ ಬಳೆ ಕಣೇ, ಮುಟ್ಟಿದರೆ ಒಡೀತು" ಎಂದು ನನಗೆ ಪಾಠ ಮಾಡುತ್ತಿದ್ದರು. "ಇವು ನೋಡು. ಸೂರಿದೆ, ಬಾಗಿಲಿದೆ, ನಮ್ಮ ಮನೆ ಕಾರಿನ ದೊಡ್ಡಣ್ಣಂದಿರು. ಇವು ಮೈ ಉಜ್ಜಿಕೊಂಡೇ ಹೋಗೋದು."

ಉಜ್ಜುವುದಷ್ಟೇ ಆಗಿರಲಿಲ್ಲ. ನಾನು ನೋಡಿದ ಮೊದಲ ರೇಸಿನಲ್ಲೇ ಒಂದು ಕಾರು ಇನ್ನೊಂದರ ಹಿಂದಿನ ಚಕ್ರದ ಪಕ್ಕ ಮೂಗು ಒತ್ತಿತು. ಒತ್ತಿಸಿಕೊಂಡದ್ದು ಅಡ್ಡ ತಿರುಗಿತು. ಹಿಂದೆ ಬರುತ್ತಿದ್ದದ್ದು ಅದರ ಹೊಟ್ಟೆಗೆ ನುಗ್ಗಿತು. ಬಾನೆಟ್ಟು ಹಾರಿ ಗಾಜಿನ ಮೇಲೆ ಬಡಿಯಿತು, ಚಕ್ರವೊಂದು ಹುಲ್ಲಿನ ಮೇಲೆ ಕುಪ್ಪಳಿಸುತ್ತ ತನ್ನ ಪಾಡಿಗೆ ಹೊರಟುಹೋಯಿತು. ಚಿಕ್ಕಪ್ಪ "ಹಾಗೆ! ಬಿಡಬೇಡ! ಹಾಗೆ!" ಎಂದು ಎದ್ದು ನಿಂತಿದ್ದರು. ದೋಸೆ ಕಾರ್ಪೆಟ್ಟಿನ ಮೇಲಿತ್ತು.

"ಇವರೇನ ರೇಸ್ ಮಾಡ್ತಾರೋ, ಕೋಣನ ಕಾಳಗ ಮಾಡ್ತಾರೋ?" ಎಂದರು ಚಿಕ್ಕಮ್ಮ, ಒಲೆಯ ಮುಂದಿನಿಂದ. "ಏನ್ರೀ, ಮ್ಯಾಲೆ ಎತ್ರಿ ಆ ದ್ವಾಸಿ."

ಆ ವರ್ಷ ಚಿಕ್ಕಪ್ಪ ಒಂದು ಹಳೆಯ ಸೆಡಾನ್ ಕೊಂಡು, ಒಳಗಿನ ಸೀಟು ಕಿತ್ತು, ಕಬ್ಬಿಣದ ಪಂಜರ ಬೆಸುಗೆ ಹಾಕಿಸಿ, ಇಲ್ಲಿನ ಹವ್ಯಾಸಿಗಳ ಸಲೂನ್ ಕಾರ್ ಸರಣಿಗೆ ಹೆಸರು ಕೊಟ್ಟರು. ಆಸ್ಟ್ರೇಲಿಯಾದ ಸೀಸನ್ ಟಿವಿಯಲ್ಲಿ, ನಮ್ಮ ಸೀಸನ್ ಟ್ರ್ಯಾಕಿನಲ್ಲಿ, ಎರಡೂ ಜೊತೆಜೊತೆಗೆ ನಡೆದವು. ರೇಡಿಯೋ ಚಿಕ್ಕಮ್ಮನ ಕೈಗೆ ಬಂತು. ಕಾಲೇಜಿನಲ್ಲಿ ಎನ್‌ಸಿಸಿ ಪರೇಡಿಗೆ ಕಮ್ಯಾಂಡ್ ಕೊಟ್ಟ ದನಿ ಅದು. ಆ ಎಂಜಿನ್ನುಗಳ ಬೊಬ್ಬೆಯನ್ನು ಸೀಳಿಕೊಂಡು ಹೋಗಲು ಅಂಥದ್ದೇ ಬೇಕಿತ್ತು. ನನ್ನ ಕೆಲಸ ಪಿಟ್ಟಿನ ಗೋಡೆಯ ಮೇಲಿಂದ ಎಷ್ಟು ಸುತ್ತು ಉಳಿದಿದೆಯೆಂದು ಬೋರ್ಡು ತೋರಿಸುವುದು.

ಅಲ್ಲಿ ನಮಗೆ ಸಿಕ್ಕವರು ಲಾರಿ ಅಣ್ಣ. ಹೆಸರು ಬೇಡ, ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಇಲ್ಲೇ ಹುಟ್ಟಿ ಬೆಳೆದ ತಮಿಳರು. ಕ್ಲಾಂಗ್ ಬಂದರಿನಿಂದ ಕಂಟೇನರ್ ಸಾಗಿಸುವ ಲಾರಿಗಳ ಯಜಮಾನರು. ರೇಸಿನ ದಿರಿಸಿನ ಜಿಪ್ಪು ಹೊಟ್ಟೆಯ ಮೇಲೆ ಅರ್ಧಕ್ಕೆ ನಿಂತಿರುತ್ತಿತ್ತು. ತಮಿಳು, ಇಂಗ್ಲಿಷು, ಮಲಯ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ, ಕೊನೆಗೆ ಇಲ್ಲಿನವರ ಹಾಗೆ ಒಂದು ‘ಲಾ’ ಅಂಟಿಸಿ ನಗುತ್ತ ಮಾತಾಡುವವರು. ಅವರ ಮಾತನ್ನು ನನ್ನ ಕಿವಿಗೆ ಬಿದ್ದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಸರಣಿಯ ಮೊದಲ ಸುತ್ತಿನ ರೇಸಿನಲ್ಲಿ ಎರಡನೇ ತಿರುವಿಗೇ ಅವರು ಚಿಕ್ಕಪ್ಪನ ಹಿಂಭಾಗಕ್ಕೆ ಮೂಗು ಕೊಟ್ಟು ತಿರುಗಿಸಿ ಬಿಸಾಕಿದರು. ಹಿಂದಿನ ಬಂಪರು ಕಿತ್ತು ರಸ್ತೆಯಲ್ಲಿ ಕಿಡಿ ಕಾರುತ್ತ ಉಳಿಯಿತು. ರೇಸು ಮುಗಿದ ಮೇಲೆ ಅವರೇ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿದ ಮೊಸರನ್ನದ ಪೊಟ್ಟಣ ಹಿಡಿದು ಬಂದರು. ನಾವು ಮೀನು ತಿನ್ನುವುದಿಲ್ಲವೆಂದು ಯಾರನ್ನೋ ಕೇಳಿ ತಿಳಿದುಕೊಂಡಿದ್ದರು.

"ಕೋಪಾನಾ ಬ್ರದರ್? ಆಸ್ಟ್ರೇಲಿಯಾ ರೇಸ್ ನೋಡ್ತೀನಿ ಅಂತೀಯ. ಇದು ಬರೀ ಮುತ್ತು ಲಾ. ಮದುವೆ ಇನ್ನೂ ಆಗಿಲ್ಲ."

ಎರಡನೆಯ ಸುತ್ತಿನಲ್ಲಿ ಚಿಕ್ಕಪ್ಪ ಮುತ್ತು ವಾಪಸ್ ಕೊಟ್ಟರು. ಪಕ್ಕಕ್ಕೆ ಬಂದು ಸ್ಟೀರಿಂಗನ್ನು ಬೇಕೆಂದೇ ಎಡಕ್ಕೆ ಎಳೆದದ್ದು ನನಗೆ ಗೋಡೆಯ ಮೇಲಿಂದ ಕಂಡಿತು. ಬಾಗಿಲಿಗೆ ಬಾಗಿಲು ಬಡಿಯಿತು, ಕನ್ನಡಿಗಳು ಪುಡಿಯಾದವು, ಮತ್ತೆ ಬಡಿಯಿತು. ಇಬ್ಬರೂ ಹಾಗೇ ಗುದ್ದಾಡಿಕೊಂಡು ಗೆರೆ ದಾಟಿದರು. ಹೆಲ್ಮೆಟ್ ತೆಗೆದಾಗ ಚಿಕ್ಕಪ್ಪ ತಮ್ಮ ತುಟಿಯನ್ನು ತಾವೇ ಕಚ್ಚಿ ಹರಿದುಕೊಂಡಿದ್ದರು. ಗದ್ದದ ತನಕ ರಕ್ತ. ಅವರು ನಗುತ್ತಿದ್ದರು. ಆ ನಗುವನ್ನು ನಾನು ನಮ್ಮ ಮನೆಯಲ್ಲಿ ಯಾರ ಮುಖದಲ್ಲೂ ನೋಡಿರಲಿಲ್ಲ.

"ಬಾಯಿ ಮುಚ್ರಿ. ಹಲ್ಲೆಲ್ಲಾ ರಕ್ತ ಆಗ್ಯಾವ" ಎಂದು ಚಿಕ್ಕಮ್ಮ ಹತ್ತಿ ತುರುಕಿದರು.

ಆಮೇಲಿನ ವಾರಾಂತ್ಯಗಳು ಸುತ್ತಿಗೆಯ ವಾರಾಂತ್ಯಗಳು. ಗ್ಯಾರೇಜಿನವನ ಕೈಯಿಂದ ಸುತ್ತಿಗೆ ಇಸಿದುಕೊಂಡು ಚಿಕ್ಕಪ್ಪ ತಾವೇ ಬಾಗಿಲಿನ ತಗ್ಗು ಬಡಿಯುತ್ತಿದ್ದರು. ತಗ್ಗು ಎದ್ದ ಮೇಲೂ ಬಡಿಯುತ್ತಿದ್ದರು. "ಸಾಕು ಬಾಸ್, ತೂತಾಗುತ್ತೆ" ಎಂದು ಗ್ಯಾರೇಜಿನವನು ಕೈ ಹಿಡಿಯಬೇಕಾಗುತ್ತಿತ್ತು. ಸೋಮವಾರ ಬೆಳಗ್ಗೆ ಅದೇ ಕೈ ಪುತ್ರಜಯಾದ ಅಗಲ ರಸ್ತೆಯಲ್ಲಿ ಇಂಡಿಕೇಟರ್ ಹಾಕಿಕೊಂಡು, ಎಲ್ಲರಿಗೂ ದಾರಿ ಬಿಟ್ಟುಕೊಂಡು ಆಫೀಸಿಗೆ ಹೋಗುತ್ತಿತ್ತು.

ಮೂರನೆಯ ಸುತ್ತು ದಕ್ಷಿಣದ ಟ್ರ್ಯಾಕಿನಲ್ಲಿ, ಮಳೆ ನಿಂತ ಹೊಸದರಲ್ಲಿ. ಲಾರಿ ಅಣ್ಣ ಹಿಂದೆ ಬಂದು ಅಂಟಿಕೊಂಡಿದ್ದರು. ಚಿಕ್ಕಮ್ಮ ರೇಡಿಯೋದಲ್ಲಿ, "ಬಿಡ್ರಿ. ಬಿಡ್ರಿ ಅವನ್ನ. ಹೋಗೇ ಹೋಗ್ತಾನ ಅಂವ, ಬಿಡ್ರಿ" ಎಂದು ಬೇಡಿಕೊಳ್ಳುತ್ತಿದ್ದರು. ಚಿಕ್ಕಪ್ಪ ಬಿಡಲಿಲ್ಲ. ಅವರಿಗೆ ಅರ್ಥವಾಗದೆ ಅಲ್ಲ. "ಬಿಡಲ್ಲ ಕಣೇ" ಎಂಬ ಉತ್ತರ ನಮಗೆ ಸ್ಪಷ್ಟವಾಗಿ ಕೇಳಿತು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಆ ಪದ ಕೇಳಿದರೆ ಚಿಕ್ಕಪ್ಪನಿಗೆ ಗಾಡಿ ಓಡಿಸುವುದು ಅಂತಲೇ ಹೊಳೆಯುತ್ತದೆ ಎಂದು ಯಾರೂ ಹೇಳುವಂತಿಲ್ಲ. ಹೊಳೆದದ್ದು ದಾರಿ ಬಿಡುವುದೇ. ಬಿಡಲ್ಲ ಎಂದದ್ದು ಅದಕ್ಕೇ.

ಆ ಮಾತು ಮುಗಿಯುವ ಮೊದಲು ಲಾರಿ ಅಣ್ಣನ ಬಂಪರು ನಮ್ಮ ಕಾರಿನ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿತು. ಕಾರು ಬಾಣದ ಹಾಗೆ ನೇರ ಕಾಂಕ್ರೀಟ್ ಗೋಡೆಗೆ ಹೋಯಿತು. ಸದ್ದು ತಡವಾಗಿ ಬಂತು. ಮೊದಲು ಹೊಗೆ, ಆಮೇಲೆ ಸದ್ದು. ಎಂಜಿನ್ನು ಮುದುಡಿ ಚಿಕ್ಕಪ್ಪನ ಕಾಲಿನ ಹತ್ತಿರ ಬಂದಿತ್ತು. ಹೊರಗೆ ತೆಗೆದಾಗ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡಿದ್ದರು. ಪಕ್ಕೆಲುಬುಗಳು ಮುರಿದಿದ್ದವು. ಉಸಿರು ಎಳೆದರೆ ಒಳಗೆ ಏನೋ ಕಿರಗುಟ್ಟುವುದು ನಮಗೂ ಕೇಳುತ್ತಿತ್ತು.

ಮನೆಗೆ ಬಂದ ಮೇಲೆ ಅಂಗಿ ಬಿಚ್ಚಿದರೆ ಎದೆಯ ಮೇಲೆ ಬೆಲ್ಟಿನ ಅಚ್ಚು ಒತ್ತಿತ್ತು, ನೇರಳೆ ಬಣ್ಣದ ದೊಡ್ಡ ಜನಿವಾರದ ಹಾಗೆ. ಚಿಕ್ಕಮ್ಮ ದಿನಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅದರ ಮೇಲೆ ಇಡುತ್ತಿದ್ದರು. ಚಿಕ್ಕಪ್ಪ ಕೂಗಿಕೊಳ್ಳುತ್ತಿದ್ದರು. ಚಿಕ್ಕಮ್ಮ ಅಳಲಿಲ್ಲ, ಬೈಯಲಿಲ್ಲ, ಇನ್ನು ರೇಸು ಸಾಕು ಎಂದೂ ಹೇಳಲಿಲ್ಲ. ಅದಕ್ಕೆ ಬದಲಾಗಿ ಭಾನುವಾರ ಒಲೆ ಆರಿಸಿ ಬಂದು ಚಿಕ್ಕಪ್ಪನ ಪಕ್ಕ ಕೂತು ಆಸ್ಟ್ರೇಲಿಯಾದ ರೇಸು ನೋಡತೊಡಗಿದರು. ಗಮನವಿಟ್ಟು, ಪ್ರಶ್ನೆ ಕೇಳಿಕೊಂಡು.

"ಈಗ ಅಂವಾ ಹೊರಗಿನಿಂದ ಒಳಗ ತಿರುಗಿಸಿದಾ. ಇಂವಾ ಬ್ರೇಕ್ ಹಿಡೀಲಿಲ್ಲ. ತಪ್ಪ ಯಾರದ್ರಿ?"

"ತಿರುಗಿಸಿದವನದ್ದೇ. ಪಕ್ಕದಲ್ಲಿ ಇನ್ನೊಬ್ಬ ಇದ್ದಾಗ ಜಾಗ ಬಿಡಬೇಕು ಕಣೇ."

"ಹೌದಾ?" ಎಂದರು ಚಿಕ್ಕಮ್ಮ. ಅಷ್ಟೇ.

ಹೀಗಿರುವಾಗ ಒಂದು ಸಂಜೆ ಲಾರಿ ಅಣ್ಣ ಮ್ಯಾಂಗೋಸ್ಟೀನ್ ಹಣ್ಣಿನ ದೊಡ್ಡ ಚೀಲ ಹೊತ್ತು ಮನೆಗೆ ಬಂದರು. ಪಶ್ಚಾತ್ತಾಪವಿತ್ತೋ ಇಲ್ಲವೋ ಹೇಳಲಾರೆ, ಪ್ರೀತಿಯಂತೂ ಇತ್ತು. ಸೋಫಾದಲ್ಲಿ ಒರಗಿದ್ದ ಚಿಕ್ಕಪ್ಪನ ಪಾದ ಹಿಡಿದು ಅಲ್ಲಾಡಿಸಿ, "ಅಯ್ಯೋ ಬ್ರದರ್, ನಾನು ನೀನು ಬಿಡ್ತೀಯ ಅಂದ್ಕೊಂಡೆ ಲಾ! ಅಣ್ಣಿ ಅಷ್ಟು ಸಲ ಹೇಳಿದ್ರು, ಬಿಡ್ರಿ ಬಿಡ್ರಿ ಅಂತ. ಹೆಂಡತಿ ಮಾತು ಕೇಳೋದಿಲ್ವಾ ನೀನು?" ಎಂದರು. ಅಣ್ಣಿ ಎಂದರೆ ಅವರ ತಮಿಳಿನಲ್ಲಿ ಅತ್ತಿಗೆ, ನಮ್ಮ ಚಿಕ್ಕಮ್ಮ.

ಮೂವರೂ ಮುಖ ಮುಖ ನೋಡಿಕೊಂಡೆವು.

"ನಿಮಗೆ ಹೇಗೆ ಗೊತ್ತು?" ಎಂದೆ ನಾನು.

"ತಂಗಚ್ಚಿ, ಎಲ್ಲರದ್ದೂ ಒಂದೇ ಅಂಗಡಿಯ ವಾಕಿಟಾಕಿ ಸೆಟ್ಟು. ನನ್ನ ಲಾರಿ ಯಾರ್ಡಿನಲ್ಲಿ ದಿನವಿಡೀ ಚಾನೆಲ್ ತಿರುಗಿಸೋದೇ ಕೆಲಸ, ನಿಮ್ಮ ಚಾನೆಲ್ ಹುಡುಕೋದು ಕಷ್ಟವಾ? ಒಂದು ಕಿವಿ ನನ್ನ ಪಿಟ್ಟಿಗೆ, ಇನ್ನೊಂದು ಕಿವಿ ಅಣ್ಣಿಗೆ. ನನ್ನ ಹೆಂಡತಿ ಮಾತನ್ನೂ ನಾನು ಇಷ್ಟು ಕೇಳಿಲ್ಲ!" ಹೊಟ್ಟೆ ಕುಣಿಸಿ ನಕ್ಕರು. "ಬಿಡ್ರಿ, ವಿಡುಂಗ. ನಿಮ್ಮದೇನು, ನಮ್ಮದೇನು? ಅಮ್ಮ ಒಬ್ಬಳೇ ಲಾ."

ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ನಾವು ಕನ್ನಡವನ್ನು ಬೀಗದ ಕೈ ಎಂದುಕೊಂಡಿದ್ದೆವು. ಮಲಯರಿಗೆ, ಚೀನಿಯರಿಗೆ ತಿಳಿಯದು, ಸರಿ. ಪಕ್ಕದ ಮನೆಯ ತಮಿಳಜ್ಜಿಯ ಹತ್ತಿರ ಕನ್ನಡದಲ್ಲೇ ಕರಿಬೇವು ಕೇಳಿ ಇಸಿದುಕೊಳ್ಳುವ ನಮಗೆ, ರೇಸಿನ ಕನ್ನಡ ಮಾತ್ರ ತಮಿಳರಿಗೆ ತಿಳಿಯುವುದಿಲ್ಲ ಎಂದು ಅನಿಸಿದ್ದು ಹೇಗೋ.

ಲಾರಿ ಅಣ್ಣ ಹೋದ ಮೇಲೆ ಊಟದ ಮೇಜಿನ ಸುತ್ತ ಸಭೆ ಸೇರಿತು. ದಾರಿ ಕೊಡು ಎನ್ನಲು ಅವರಿಗೆ ತಿಳಿಯದ ಪದ ಬೇಕು.

"‘ಸುಮ್ನಿರಿ’ ಅಂತೀನಿ" ಎಂದರು ಚಿಕ್ಕಮ್ಮ.

"ತಮಿಳಿನಲ್ಲಿ ಸುಮ್ಮಾ ಇರು" ಎಂದೆ.

"‘ಕೊಡ್ರಿ’?"

"ಕೊಡು. ಅದೂ ಅದೇ."

"‘ನಿಲ್ರಿ’?"

"ನಿಲ್ಲು. ಆಯಿತಲ್ಲ."

"ಯವ್ವಾ, ನಮ್ದಂತ ಒಂದರೆ ಪದ ಐತೇನ ನಮ್ಮ ಭಾಷಾದಾಗ?"

ನನಗೆ ಆಗ ಹೊಳೆಯಿತು. ಅವರ ಪಾಲು ನಮ್ಮ ಹಾಲು, ಅವರ ಪುಲಿ ನಮ್ಮ ಹುಲಿ. ಅವರ ಪಕಾರ ನಮ್ಮಲ್ಲಿ ಹಕಾರವಾಗಿದೆ. ಹಕಾರದ ಹಿಂದೆ ಅಡಗಿದರೆ ಅವರಿಗೆ ತಟ್ಟನೆ ಸಿಗುವುದಿಲ್ಲ. "‘ಹೋಗ್ಲಿ’ ಅನ್ನಿ ಚಿಕ್ಕಮ್ಮ. ಅವನು ಹೋಗಲಿ, ಅಷ್ಟೇ."

ಚಿಕ್ಕಪ್ಪ ಪಕ್ಕೆ ಹಿಡಿದುಕೊಂಡೇ ಮೇಜು ಕುಟ್ಟಿದರು. "ವಕೀಲಮ್ಮ ಕೊನೆಗೂ ಒಂದು ಉಪಯೋಗಕ್ಕೆ ಬಂದಳು! ಹೋಗ್ಲಿ ಅಂದ್ರೆ ದಾರಿ ಕೊಡೋದು. ಇನ್ಮೇಲೆ ರೇಡಿಯೋದಲ್ಲಿ ಬಿಡು ಅನ್ನೋ ಪದವೇ ಇಲ್ಲ."

ಚಿಕ್ಕಮ್ಮ ಮ್ಯಾಂಗೋಸ್ಟೀನಿನ ಸಿಪ್ಪೆಯನ್ನು ಎರಡೂ ಹೆಬ್ಬೆರಳಿನಿಂದ ಒತ್ತಿ ಒಡೆಯುತ್ತಿದ್ದರು. ಕೆಂಪು ರಸ ಉಗುರಿನೊಳಗೆಲ್ಲ ಇಳಿದಿತ್ತು.

"ಇಲ್ಲ ಅಂದ್ರ ಹೆಂಗ್ರಿ? ಇರ್ಲಿ ಅದು" ಎಂದರು. "ಅಂವಾ ಕೇಳ್ಕೋತ ಕೂತಿರ್ತಾನಲ್ಲ. ಅವಂಗ ಏನರೆ ಹೇಳೂದಿದ್ರ ಅದನ್ನ ಹೇಳಿದ್ರಾತು."

ನಾವಿಬ್ಬರೂ ನಕ್ಕೆವು. ಅದು ತಮಾಷೆಯಾಗಿಯೇ ಇತ್ತು.

ಸರಣಿಯ ಕೊನೆಯ ಸುತ್ತು ಬರುವ ಹೊತ್ತಿಗೆ ಚಿಕ್ಕಪ್ಪನ ಪಕ್ಕೆ ಕೂಡಿತ್ತು, ಕಾರಿಗೆ ಹೊಸ ಮುಂಭಾಗ ಬಂದಿತ್ತು. ಅದಕ್ಕೆ ಹಿಂದಿನ ಭಾನುವಾರ ಆಸ್ಟ್ರೇಲಿಯಾದಲ್ಲಿ ಬೆಟ್ಟದ ಮೇಲಿನ ದೊಡ್ಡ ರೇಸು. ಬೆಳಗಿನಿಂದ ಗಂಡ ಹೆಂಡತಿ ಇಬ್ಬರೂ ಟಿವಿಯ ಮುಂದಿನಿಂದ ಏಳಲಿಲ್ಲ, ಊಟಕ್ಕೆ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೋಟಿ ತಪಾವ್ ತರಿಸಿದರು. ಬೆಟ್ಟದ ಗೋಡೆಗಳಿಗೆ ಕಾರುಗಳು ಮೈ ಸವರಿ ಸವರಿ ಒಂದೊಂದಾಗಿ ಚಿಂದಿಯಾದವು. ಪ್ರತಿ ಸಲ ಲೋಹ ಕಿರುಚಿದಾಗಲೂ ಚಿಕ್ಕಮ್ಮ ಮುಂದಕ್ಕೆ ಬಾಗುತ್ತಿದ್ದರು. ಮೊದಲು ಅವರು ಕಿವಿ ಮುಚ್ಚಿಕೊಳ್ಳುತ್ತಿದ್ದರು.

ನಮ್ಮ ಕೊನೆಯ ರೇಸು ವಿಮಾನ ನಿಲ್ದಾಣದ ಬಳಿಯ ಟ್ರ್ಯಾಕಿನಲ್ಲಿ. ಡಾಂಬರು ಕುದಿಯುತ್ತಿತ್ತು. ಪಿಟ್ಟಿನ ಗೋಡೆಯ ಕಾಂಕ್ರೀಟು ಅಂಗೈ ಸುಡುತ್ತಿತ್ತು. ನಮ್ಮ ಮುಂದಿನ ನೇರ ರಸ್ತೆ ಮುಗಿಯುವಲ್ಲಿ ಬಲಕ್ಕೆ ಕಡಿದಾದ ತಿರುವು. ಎಲ್ಲರೂ ಅಲ್ಲಿಗೆ ಬಂದು ಬ್ರೇಕ್ ತುಳಿಯುತ್ತಿದ್ದರು, ಕೆಂಪು ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತಿದ್ದವು.

ಚಿಕ್ಕಮ್ಮ ಆ ರೇಸಿನಲ್ಲಿ ‘ಹೋಗ್ಲಿ’ ಎಂದದ್ದನ್ನು ನಾನು ಕೇಳಿದ್ದೇನೆ. ಮುಂದಿದ್ದವರು ಒಂದು ಸುತ್ತು ಹೆಚ್ಚಾಗಿ ಹಿಂದಿನಿಂದ ಬಂದಾಗ, "ಹೋಗ್ಲಿ, ಹೋಗ್ಲಿ" ಎಂದರು. ಚಿಕ್ಕಪ್ಪ ಸೌಮ್ಯವಾಗಿ ದಾರಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರಿಗೂ ಹಾಗೇ ಆಯಿತು. ಹೊಸ ಪದ ನಾಲಿಗೆಗೆ ಕೂತಿತ್ತು.

ಕೊನೆಯ ಸುತ್ತುಗಳಲ್ಲಿ ಲಾರಿ ಅಣ್ಣ ಬಂದರು. ಬಂದವರು ಸುಮ್ಮನೆ ಬರಲಿಲ್ಲ, ನೇರ ರಸ್ತೆಯಲ್ಲಿ ಒಂದು ಸಲ ಹಿಂದಿನಿಂದ ಗುದ್ದಿದರು. ಚಿಕ್ಕಪ್ಪನ ಕಾರು ನಡುಗಿ ನೆಟ್ಟಗಾಯಿತು. ಮುಂದಿನ ಸುತ್ತಿನಲ್ಲಿ ಎಡಗಡೆಯಿಂದ ಪಕ್ಕಕ್ಕೆ ಬಂದರು. ಎರಡೂ ಕಾರು ನನ್ನ ಮುಂದೆಯೇ ಬಾಗಿಲು ಬಾಗಿಲು ತಿಕ್ಕಿಕೊಂಡು ಹೋದವು, ನಡುವೆ ಕಿಡಿಯ ಗೆರೆ. ಲಾರಿ ಅಣ್ಣ ಹೊರಗಡೆ, ಅರ್ಧ ಕಾರಿನಷ್ಟು ಮುಂದೆ. ಚಿಕ್ಕಪ್ಪ ಒಳಗಡೆ, ಬಲಕ್ಕೆ. ತಿರುವು ಎದುರಿಗೆ ಬರುತ್ತಿತ್ತು.

ಚಿಕ್ಕಮ್ಮ ರೇಡಿಯೋ ಬಾಯಿಗೆ ತಂದರು. ಕೂಗಲಿಲ್ಲ. ಪರೇಡಿನ ದನಿಯೂ ಅಲ್ಲ. ಮಗುವನ್ನು ಮಲಗಿಸುವವರ ಹಾಗೆ, ಬಿಡಿಸಿ ಬಿಡಿಸಿ ಹೇಳಿದರು.

"ಬಿಡ್ರಿ... ಬಿಡ್ರಿ ಅವನ್ನ."

ಲಾರಿ ಅಣ್ಣ ಬ್ರೇಕ್ ಹಿಡಿದರು, ಅವರ ಕೆಂಪು ದೀಪ ಹೊತ್ತಿತು. ನೆಮ್ಮದಿಯಿಂದ, ದಾರಿ ತಮ್ಮದೇ ಎಂಬಂತೆ, ಬಲಕ್ಕೆ ತಿರುಗಿಸಿದರು. ಚಿಕ್ಕಪ್ಪನ ದೀಪ ಹೊತ್ತಲಿಲ್ಲ.

ನಮ್ಮ ಕಾರಿನ ಮೂಗು ಅವರ ಬಲ ಬಾಗಿಲಿಗೆ, ನಟ್ಟ ನಡುವೆ ಹೊಕ್ಕಿತು. ಈ ದೇಶದಲ್ಲೂ ನಮ್ಮಲ್ಲಿಯ ಹಾಗೆ ಡ್ರೈವರ್ ಕೂರುವುದು ಬಲಕ್ಕೆ. ಹೊಡೆತದ ಸದ್ದಿಗೆ ಗೋಡೆ ನನ್ನ ಹೊಟ್ಟೆಗೆ ಗುದ್ದಿತು. ಎರಡೂ ಕಾರು ಒಂದಕ್ಕೊಂದು ಸಿಕ್ಕಿಕೊಂಡೇ ಜಲ್ಲಿಯ ಮೇಲೆ ಜಾರಿ, ಒಂದು ಸಲ ಎದ್ದು, ಬಿದ್ದು ನಿಂತವು. ಗಾಜಿನ ಪುಡಿ ಗಾಳಿಯಲ್ಲಿ ಇನ್ನೂ ಹೊಳೆಯುತ್ತಿತ್ತು. ಆಮೇಲೆ ಕೂಗು ಕೇಳಿತು. ಎಂಜಿನ್ನು ನಿಂತ ಮೇಲೂ ನಿಲ್ಲದ, ಅಮ್ಮನನ್ನು ಕರೆಯುವ ಕೂಗು. ರಕ್ಷಣೆಯವರು ಕಬ್ಬಿಣ ಕತ್ತರಿಸುವ ಯಂತ್ರ ತಂದು ಬಾಗಿಲನ್ನು ಸಿಗಿಯುವ ತನಕ ಅದು ಹಾಗೇ ಇತ್ತು. ಬಾಗಿಲು ಬಿದ್ದಾಗ ಕಾಲು ಕಂಡಿತು. ಕಾಲು ಇರಬೇಕಾದ ದಿಕ್ಕಿನಲ್ಲಿ ಅದು ಇರಲಿಲ್ಲ. ದಿರಿಸಿನ ಬಟ್ಟೆ ಹರಿದು ಒಳಗಿನ ಬಿಳಿ ಹೊರಗೆ ಚಾಚಿತ್ತು. ನಾನು ಗೋಡೆಯ ಹಿಂದೆ ಕುಕ್ಕುರು ಕೂತೆ.

ಚಿಕ್ಕಮ್ಮ ನಿಂತೇ ಇದ್ದರು. ರೇಡಿಯೋದ ಗುಂಡಿಯನ್ನು ಅವರ ಹೆಬ್ಬೆರಳು ಇನ್ನೂ ಒತ್ತಿಯೇ ಹಿಡಿದಿತ್ತು.

ಚಿಕ್ಕಪ್ಪನಿಗೆ ಮೂಗಿನಲ್ಲಿ ರಕ್ತ, ಮಣಿಕಟ್ಟು ಉಳುಕು, ಅಷ್ಟೇ. ಅಧಿಕಾರಿಗಳು ಕರೆದು ಕೇಳಿದಾಗ ಅವರೇ ಹೇಳಿದರು, ಭಾಷೆಯ ಗೊಂದಲವಾಯಿತು, ನನ್ನ ಹೆಂಡತಿಯ ಕಡೆಯ ಕನ್ನಡ ಬೇರೆ, ಆ ಪದಕ್ಕೆ ಓಡಿಸು ಎಂಬ ಅರ್ಥವೂ ಇದೆ ಎಂದು. ಅಧಿಕಾರಿಗಳು ಮಲಯರು, ಚೀನಿಯರು. ಅವರಿಗೆ ಆ ಪದದ ಹಿಂದೆ ಬೀಳುವ ಅಗತ್ಯ ಇರಲಿಲ್ಲ. ಒಳಗೆ ಒಬ್ಬನಿದ್ದಾಗ ತಿರುಗಿಸಿದವನೂ ಜಾಗ ಬಿಡಬೇಕಿತ್ತು. ರೇಸೆಂದರೆ ಇವೆಲ್ಲ ಇರುತ್ತವೆ ಎಂದು ಮುಗಿಸಿದರು. ಹೀಗೆ ಹುಟ್ಟಿತು ನಮ್ಮವರ ಜೋಕು.

ನ್ಯಾಯವಾಗಿ ಎರಡೂ ಕಡೆ ಮಾತಾಡಬೇಕು, ನನಗೆ ಕಲಿಸಿರುವುದು ಅದನ್ನೇ. ಚಿಕ್ಕಮ್ಮನ ಪರವಾಗಿ: ಗಾಬರಿಯಲ್ಲಿ ನಾಲಿಗೆ ಹಳೆಯ ದಾರಿ ಹಿಡಿಯುತ್ತದೆ. ಹುಟ್ಟಿದಾಗಿನಿಂದ ಆಡಿದ ಪದ ಅದು, ‘ಹೋಗ್ಲಿ’ ನಾನು ಅಂಟಿಸಿದ್ದು. ಗಂಡ ಮತ್ತೆ ಗೋಡೆಗೆ ಹೋಗುವುದು ಕಣ್ಣೆದುರು ಬಂದರೆ ಯಾವ ಹೆಂಗಸಿಗೂ ಪಕಾರ ಹಕಾರ ನೆನಪಿರುವುದಿಲ್ಲ. ಇದು ಬಲವಾದ ವಾದ. ಎದುರು ಪಕ್ಷದಲ್ಲಿ ನಿಂತರೆ ನಾನು ಕೇಳುವುದು ಇಷ್ಟೇ: ಗಾಬರಿ ಎಲ್ಲಿತ್ತು? ಆ ದನಿಯಲ್ಲಿ ನನಗೆ ಗಾಬರಿ ಕೇಳಲಿಲ್ಲ. ಇನ್ನು ಚಿಕ್ಕಪ್ಪ. ಮನೆಯ ಮೇಜಿನ ಮೇಲೆ ಇಲ್ಲವೆಂದ ಪದ ಕಿವಿಗೆ ಬಿದ್ದಾಗ, ಇದು ನನಗಲ್ಲ ಎಂದು ಅವರಿಗೆ ಅರ್ಥವಾಯಿತೇ? ಬ್ರೇಕಿನ ಮೇಲೆ ಕಾಲು ಬೀಳದೆ ಇದ್ದದ್ದು ಗೊಂದಲಕ್ಕೋ, ಅರ್ಥವಾದದ್ದಕ್ಕೋ? ಒಂದು ಸಲ ತಿಂಡಿಯ ಹೊತ್ತಿಗೆ ಕೇಳಿದೆ. "ಹೋಗ್ಲಿ ಬಿಡೇ" ಎಂದರು. ಎರಡು ಪದವನ್ನೂ ಒಂದೇ ಉಸಿರಿನಲ್ಲಿ ಹೇಳಿ ಟಿವಿ ಕಡೆ ತಿರುಗಿದರು.

ಮರುವರ್ಷದ ದೀಪಾವಳಿಗೆ ಲಾರಿ ಅಣ್ಣನ ಮನೆಯಲ್ಲಿ ಓಪನ್ ಹೌಸ್. ಇಲ್ಲಿ ಹಬ್ಬವೆಂದರೆ ಬಾಗಿಲು ತೆರೆದಿಟ್ಟು ಬಂದವರಿಗೆಲ್ಲ ಊಟ ಹಾಕುವುದು. ನಮಗೂ ಕರೆ ಬಂತು. ಚಿಕ್ಕಪ್ಪ ಹೋಗೋಣ ಎಂದರು, ಹೋಗದಿದ್ದರೆ ಜನ ಏನಾದರೂ ಅಂದುಕೊಳ್ಳುತ್ತಾರೆ ಎಂದರು. ಮಧ್ಯಾಹ್ನದ ಬಿಸಿಲಿನಲ್ಲಿ ಕ್ಲಾಂಗಿಗೆ ಹೋದೆವು. ಅಂಗಳದಲ್ಲಿ ಶಾಮಿಯಾನ, ಪಟಾಕಿಯ ಹೊಗೆ, ಬಣ್ಣದ ಅಕ್ಕಿಯಲ್ಲಿ ಬಿಡಿಸಿದ ಕೋಲಂ. ಲಾರಿ ಅಣ್ಣ ಕುರ್ಚಿಯಿಂದ ಏಳಲು ಹೋಗಿ, ಕೋಲು ಜಾರಿ, ಹಲ್ಲು ಕಚ್ಚಿ ಮತ್ತೆ ಎದ್ದರು. ಮೈ ಅರ್ಧಕ್ಕೆ ಇಳಿದಿತ್ತು.

"ಎನ್ನ ತಂಗಚ್ಚಿ, ಸಾಪ್ಟಾಚ್ಚಾ?" ಊಟ ಆಯಿತಾ ಎಂದು ಕೇಳಿದ್ದು. ನಗು ಮಾತ್ರ ಹಳೆಯದೇ.

ಚಿಕ್ಕಪ್ಪನ ಸುತ್ತ ಆಗಲೇ ಒಂದು ಗುಂಪು. ಯಾರೋ ಕೇಳಿದರು, ಅವರು ಸ್ಟೀರಿಂಗ್ ಹಿಡಿದವರ ಹಾಗೆ ಕೈ ಚಾಚಿದರು. ಅದೇ ಮನೆಯ ಅಂಗಳದಲ್ಲಿ! ಈ ಸಲ ಮೇಜು ಬಡಿಯಲಿಲ್ಲ, ‘ಢಂ’ ಅನ್ನು ಮೆಲ್ಲಗೆ ಹೇಳಿದರು. ಜನ ನಕ್ಕರು. ಲಾರಿ ಅಣ್ಣನೂ ನಕ್ಕರು. ನಗುತ್ತಲೇ ಅವರ ಕಣ್ಣು ಚಿಕ್ಕಮ್ಮನ ಕಡೆಗೆ ಹೋಯಿತು. ಚಿಕ್ಕಮ್ಮ ಈ ಸಲ ಅಡುಗೆಮನೆಗೆ ಹೋಗುವಂತಿರಲಿಲ್ಲ. ಅದು ಅವರ ಮನೆಯಲ್ಲ. ಮುರುಕ್ಕಿನ ತಟ್ಟೆ ಹಿಡಿದು ಎದುರಿನ ಕುರ್ಚಿಯಲ್ಲಿ ಕೂತಿದ್ದರು.

"ಇಲ್ಲಿ ಬಾ" ಎಂದು ಲಾರಿ ಅಣ್ಣ ನನ್ನನ್ನು ಕರೆದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಂಡರು. ದನಿ ಇಳಿಸಿದರು.

"ಆ ದಿನ ನಾನು ಬಿಡ್ರಿ ಅಂತ ಕೇಳಿದೆ, ತಿರುಗಿಸಿದೆ. ನಂಬಿ ತಿರುಗಿಸಿದೆ ಲಾ. ನನ್ನ ಭಾಷೆಯದ್ದೇ ಮಾತು ಅನ್ನಿಸ್ತು." ತೊಡೆಯ ಮೇಲೆ ಅಂಗೈ ಇಟ್ಟುಕೊಂಡರು. "ಆಮೇಲೆ ಆಸ್ಪತ್ರೆಯಲ್ಲಿ ಮಲಗಿ ಯೋಚನೆ ಮಾಡಿದೆ. ಆ ರೇಸಿನಲ್ಲಿ ಅದಕ್ಕೆ ಮುಂಚೆ ಒಂದು ಸಲವೂ ಅಣ್ಣಿ ಬಿಡ್ರಿ ಅಂದಿರಲಿಲ್ಲ. ಬೇರೆ ಏನೋ ಅಂತಿದ್ದರು, ನನಗೆ ತಿಳಿಯಲಿಲ್ಲ. ನನಗೆ ತಿಳಿಯೋ ಮಾತು ಬಂದದ್ದು ಒಂದೇ ಸಲ."

ನಾನು ಸ್ಟೂಲನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.

"ನಾನು ತಮಿಳಿನಲ್ಲಿ ಕೇಳಿದರೆ ಅವರಿಗೆ ಅರ್ಥ ಆಗಲಿಲ್ಲ ಅಂತ ಆಗಿಬಿಡುತ್ತೆ. ಅರ್ಥ ಆಗದ ಕಥೆ ಎಲ್ಲ ಸಾಕು. ನೀನು ಅವರ ಭಾಷೆಯಲ್ಲಿ ಕೇಳು. ನನ್ನ ಪರವಾಗಿ ಕೇಳು. ಕೇಸ್ ಗೀಸ್ ಏನೂ ಇಲ್ಲ, ಅಮ್ಮನಾಣೆ. ನನಗೆ ಗೊತ್ತಾಗಬೇಕು, ಅಷ್ಟೇ. ಹೇಳದೆ ಇದ್ದರೆ ನಾನು ಸಾಯುವ ತನಕ ಆ ತಿರುವಿನಲ್ಲೇ ಇರ್ತೀನಿ."

ಅಂಗಳದಲ್ಲಿ ಸರ ಪಟಾಕಿ ಹಚ್ಚಿದರು. ಲಾರಿ ಅಣ್ಣ ಪ್ರತಿ ಸಿಡಿತಕ್ಕೂ ಕೋಲನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ಚಿಕ್ಕಪ್ಪ ಗುಂಪಿನ ನಡುವಿನಿಂದ ನಮ್ಮನ್ನು ನೋಡಿ ಮಾತು ನಿಲ್ಲಿಸಿದ್ದರು. ಚಿಕ್ಕಮ್ಮನ ಕೈಯಲ್ಲಿ ಒಂದು ಮುರುಕ್ಕು, ತುಂಡಾಗುವ ಹಾಗೆ ಒತ್ತಿ ಹಿಡಿದದ್ದು.

ಹೊಗೆ ತಿಳಿಯಾಯಿತು. ನಾನು ಅವರ ಕಡೆಗೆ ತಿರುಗಿದೆ.

"ಚಿಕ್ಕಮ್ಮ, ಆವತ್ತು ರೇಡಿಯೋದಲ್ಲಿ ‘ಬಿಡ್ರಿ’ ಅಂದ್ರಲ್ಲ, ಅದನ್ನ ಯಾರಿಗೆ ಹೇಳಿದ್ದು?"